ಒಂದೇ ಟ್ರ್ಯಾಕಿನಲ್ಲಿ ಹಲವು ವಾದ್ಯ, ಹಲವು ಟ್ರ್ಯಾಕಿಗೆ ಒಂದೇ ವಾದ್ಯ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಸಂಗೀತ ಸಂಯೋಜನೆಯ ತಂತ್ರಾಂಶದಲ್ಲಿ ಒಂದು ಟ್ರ್ಯಾಕಿಗೆ ಒಂದೇ ವಾದ್ಯ ಎಂಬ ಕಟ್ಟುಪಾಡು ನನಗೆ ತೊಡಕಾಗಿದೆ. ಫ್ಲೂಟ್ ವಾದಕರೇ ನಡುವೆ ಪಿಕೊಲೊ ಎಂಬ ಚಿಕ್ಕ ಫ್ಲೂಟನ್ನು ಕೈಗೆತ್ತಿಕೊಳ್ಳುವ ಭಾಗವನ್ನು ಒಂದೇ ಟ್ರ್ಯಾಕಿನಲ್ಲಿ ಬರೆಯಬೇಕು; ಇನ್ನೊಂದೆಡೆ ಮೂರು ಟ್ರ್ಯಾಕುಗಳು ಒಂದೇ ಪಿಯಾನೊವನ್ನು ಹಂಚಿಕೊಳ್ಳಬೇಕು. ಮಾಡಿ ನೋಡಿದವರು ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ: ನೀವು ಹೇಳಿದ ಎರಡು ಅಗತ್ಯಗಳೂ ಬೇರೆ ಬೇರೆ, ಎರಡಕ್ಕೂ ಒಂದೇ ಉಪಾಯವನ್ನು ಹುಡುಕದಿರುವುದು ಒಳ್ಳೆಯದು. ಮೊದಲನೆಯದಕ್ಕೆ ಮಿಡಿಯಲ್ಲಿ (ಸ್ವರ, ವಾದ್ಯ ಮುಂತಾದ ಸೂಚನೆಗಳನ್ನು ಸಂದೇಶಗಳಾಗಿ ಕಳುಹಿಸುವ ಪದ್ಧತಿ) ವಾದ್ಯವನ್ನು ಬದಲಿಸುವ ಪ್ರೋಗ್ರಾಂ ಚೇಂಜ್ ಸಂದೇಶವಿದೆ. ಅದನ್ನು ಹೊಸ ವಾದ್ಯದ ಮೊದಲ ಸ್ವರದ ಜಾಗದಲ್ಲೇ ಇಡದೆ, ಅದಕ್ಕೂ ಮುಂಚಿನ ವಿರಾಮದಲ್ಲಿ ಇಡಿ. ಎರಡೂ ಒಂದೇ ಕ್ಷಣಕ್ಕೆ ಬಂದರೆ ಆ ಸ್ವರ ಹಳೆಯ ವಾದ್ಯದಲ್ಲೇ ನುಡಿಯುವ ಸಂಭವವಿದೆ. ವಾದ್ಯಗಳಿಗೆ ಸಂಖ್ಯೆ ಗೊತ್ತುಮಾಡಿದ 1991ರ ಜನರಲ್ ಮಿಡಿ ಪಟ್ಟಿಯಲ್ಲಿ ಪಿಕೊಲೊ 73, ಫ್ಲೂಟ್ 74. ಆದರೆ ಕೆಲವು ತಂತ್ರಾಂಶಗಳು 1ರಿಂದ 128ರವರೆಗೂ ಕೆಲವು 0ಯಿಂದ 127ರವರೆಗೂ ಎಣಿಸುವುದರಿಂದ, ಎರಡನೆಯ ಬಗೆಯದರಲ್ಲಿ 73 ಎಂದು ಕೊಟ್ಟರೆ ಪಿಕೊಲೊ ಬರುವ ಬದಲು ಫ್ಲೂಟೇ ಮುಂದುವರಿಯುತ್ತದೆ. ವಾದ್ಯ ಬದಲಾಗಲೇ ಇಲ್ಲವೆನಿಸಿದಾಗ ಮೊದಲು ಇದನ್ನೇ ಪರೀಕ್ಷಿಸಿ. ಹಾಡನ್ನು ನಡುವಿನಿಂದ ನುಡಿಸಿದಾಗ ಮಾತ್ರ ತಪ್ಪು ವಾದ್ಯ ಕೇಳಿಸಿದರೆ, ಹಿಂದಿನ ಸಂದೇಶಗಳನ್ನು ಹುಡುಕಿ ಅನ್ವಯಿಸುವ ‘ಚೇಸ್’ ಆಯ್ಕೆ ಚಾಲೂ ಆಗಿದೆಯೇ ನೋಡಬೇಕು.

ಎರಡನೆಯ ಅಗತ್ಯಕ್ಕೆ ಮೂರೂ ಟ್ರ್ಯಾಕುಗಳನ್ನು ಒಂದೇ ಪ್ಲಗಿನ್ನಿನ (ವಾದ್ಯದ ನಾದ ಹೊರಡಿಸುವ ಸೇರ್ಪಡೆ ತಂತ್ರಾಂಶ) ಒಂದೇ ಚಾನೆಲ್ಲಿಗೆ (ಮಿಡಿ ಸಂದೇಶಗಳು ಸಾಗುವ, ಸಂಖ್ಯೆಯಿಂದ ಗುರುತಿಸುವ ದಾರಿ) ಕಳುಹಿಸಿದರೆ ಸಾಕು. ರೋಸ್‌ಗಾರ್ಡನ್ ತಂತ್ರಾಂಶದಲ್ಲಿ ಟ್ರ್ಯಾಕ್ ಬೇರೆ, ವಾದ್ಯ ಬೇರೆ ಆಗಿರುವುದರಿಂದ ಇದು ಅಲ್ಲಿನ ಸಹಜ ಕ್ರಮವೇ ಆಗಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪಿಚ್ ಬೆಂಡ್, ವಾಲ್ಯೂಮ್, ಪೆಡಲ್ ಇವೆಲ್ಲ ಸ್ವರಕ್ಕಲ್ಲ, ಇಡೀ ಚಾನೆಲ್ಲಿಗೆ ಅನ್ವಯವಾಗುತ್ತವೆ. ಎಡಗೈಯ ಟ್ರ್ಯಾಕಿನಲ್ಲಿ ಪೆಡಲ್ ಒತ್ತಿದರೆ ಬಲಗೈಯ ಸ್ವರಗಳೂ ಕೂಡಿಯೇ ಉಳಿಯುತ್ತವೆ. ಪಿಯಾನೊಗೆ ಅದು ಸರಿಯೇ. ಎರಡು ಪಿಟೀಲುಗಳು ಹಾಗೆ ಚಾನೆಲ್ ಹಂಚಿಕೊಂಡರೆ ಒಂದರ ಜಾರುಸ್ವರ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ.

ಎರಡನೆಯ ಉತ್ತರ: ಪ್ರೋಗ್ರಾಂ ಚೇಂಜ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈಗಿನ ಅನೇಕ ಪ್ಲಗಿನ್ನುಗಳು ಆ ಸಂದೇಶವನ್ನು ಗಮನಿಸುವುದೇ ಇಲ್ಲ, ಗಮನಿಸಿದರೂ ಹಳೆಯ ವಾದ್ಯದ ಅನುರಣನ ಅರ್ಧಕ್ಕೇ ತುಂಡಾಗಬಹುದು. ಬಹುವಾದ್ಯ ಪ್ಲಗಿನ್ನಿನ ಚಾನೆಲ್ 1ರಲ್ಲಿ ಫ್ಲೂಟನ್ನೂ 2ರಲ್ಲಿ ಪಿಕೊಲೊವನ್ನೂ ಕೂರಿಸಿ, ರೀಪರ್‌ನಂಥ ತಂತ್ರಾಂಶದಲ್ಲಿ ಒಂದೇ ಟ್ರ್ಯಾಕಿನ ಸ್ವರಗಳಿಗೆ ಬೇರೆ ಬೇರೆ ಚಾನೆಲ್ ಸಂಖ್ಯೆ ಕೊಡುವುದನ್ನೇ ನಾನು ಮೆಚ್ಚುತ್ತೇನೆ. ಬರವಣಿಗೆ ಒಂದೇ ಕಡೆ ಉಳಿಯುತ್ತದೆ, ನಾದವೂ ಕಡಿಯುವುದಿಲ್ಲ.

ಮೂರನೆಯ ಉತ್ತರ: ಟ್ರ್ಯಾಕರ್ ಜಾತಿಯ, ಅಂದರೆ ಸ್ವರಗಳನ್ನು ಪಟ್ಟಿಯಂತೆ ಮೇಲಿನಿಂದ ಕೆಳಕ್ಕೆ ಬರೆಯುವ ತಂತ್ರಾಂಶಗಳಲ್ಲಿ ಈ ಕಟ್ಟುಪಾಡು ಆರಂಭದಿಂದಲೂ ಇಲ್ಲ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಬಂದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ಗೆ ಇದ್ದದ್ದು ನಾಲ್ಕೇ ಚಾನೆಲ್ (ಇಲ್ಲಿ ಚಾನೆಲ್ ಎಂದರೆ ಒಮ್ಮೆಗೆ ಒಂದೇ ಸ್ವರ ನುಡಿಸುವ ಸಾಲು). ಪ್ರತಿ ಸ್ವರದ ಪಕ್ಕದಲ್ಲೂ ವಾದ್ಯದ ಸಂಖ್ಯೆಯನ್ನು ಬರೆಯುವ ಪದ್ಧತಿಯಿದ್ದುದರಿಂದ ಅಷ್ಟರಲ್ಲೇ ಡ್ರಮ್ಮಿನ ಬೆನ್ನಿಗೆ ಬಾಸ್, ಬಾಸಿನ ಬೆನ್ನಿಗೆ ಘಂಟೆ ಎಂದು ಪೋಣಿಸಬಹುದಿತ್ತು. ಇಂದಿನ ಓಪನ್‌ಎಂಪಿಟಿ ಮತ್ತು ರಿನಾಯ್ಸ್‌ನಲ್ಲೂ ಅದೇ ಪದ್ಧತಿಯಿದೆ. ಹೊಸ ಸ್ವರ ಹಳೆಯದನ್ನು ಕತ್ತರಿಸಬೇಕೇ, ಮೆಲ್ಲಗೆ ಆರಲು ಬಿಡಬೇಕೇ ಎಂಬುದನ್ನು ಪ್ರತಿ ವಾದ್ಯಕ್ಕೂ ಅಲ್ಲೇ ನಿರ್ಧರಿಸಬಹುದು.

ಆದರೆ ನಿಮ್ಮ ಫ್ಲೂಟ್ ಭಾಗವನ್ನು ವಾದಕರೊಬ್ಬರು ಕಾಗದ ನೋಡಿ ನುಡಿಸುವುದಾದರೆ ಸ್ವರಲಿಪಿ ಬರೆಯುವ ತಂತ್ರಾಂಶವಾದ ಡೋರಿಕೊ ಬಳಸಿ ಎನ್ನುತ್ತೇನೆ. ಅಲ್ಲಿ ಮೊದಲು ವಾದಕರನ್ನು ಸೇರಿಸಿ, ಆಮೇಲೆ ಅವರ ಕೈಗೆ ಎಷ್ಟು ವಾದ್ಯ ಬೇಕೋ ಅಷ್ಟನ್ನು ಕೊಡುತ್ತೇವೆ. ವಾದ್ಯ ಬದಲಿಸುವ ಸೂಚನೆಯನ್ನು ತಂತ್ರಾಂಶವೇ ಮುದ್ರಿಸುತ್ತದೆ. ಪಿಕೊಲೊ ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ಕೇಳಿಸುವ ವಾದ್ಯ. ಡೋರಿಕೊ ಆ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಮೇಲೆ ಹೇಳಿದ ಮಿಡಿ ಟ್ರ್ಯಾಕುಗಳಲ್ಲಾದರೆ ಸಾಮಾನ್ಯವಾಗಿ ಕೇಳಿಸಬೇಕಾದ ಸ್ಥಾಯಿಯಲ್ಲೇ ನೀವು ಸ್ವರಗಳನ್ನು ತುಂಬಬೇಕಾಗುತ್ತದೆ.