ಪೇಸ್‌ಮೇಕರ್ ಹಾಕಿಸಿಕೊಂಡವರು ಮೊಬೈಲ್ ಮುಟ್ಟಲೇಬಾರದಾ?

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಹೋದ ತಿಂಗಳು ಎಡಗಡೆ ಎದೆಯ ಮೇಲ್ಭಾಗದಲ್ಲಿ, ಎದೆಬಡಿತ ತಪ್ಪದಂತೆ ನೋಡಿಕೊಳ್ಳುವ ಪೇಸ್‌ಮೇಕರ್ ಹಾಕಿದ್ದಾರೆ. ನೋಡಲು ಬಂದ ನೆಂಟರೊಬ್ಬರು "ಇನ್ಮೇಲೆ ಮೊಬೈಲ್ ಮುಟ್ಟಬೇಡಿ, ಮಷಿನ್ ನಿಂತುಹೋಗುತ್ತೆ" ಅಂದುಬಿಟ್ಟರು. ಅವತ್ತಿನಿಂದ ಫೋನ್ ಅಡುಗೆಮನೆ ಶೆಲ್ಫ್ ಮೇಲೆ. ಯಾರಾದರೂ ಫೋನ್ ಮಾಡಿದರೆ ನನ್ನ ಕೈಲಿ ಸ್ಪೀಕರ್ ಹಾಕಿಸಿ, ದೂರ ನಿಂತು ಕೂಗಿ ಮಾತಾಡುತ್ತಾರೆ. ವಾಕಿಂಗ್‌ಗೂ ಒಯ್ಯುವುದಿಲ್ಲ. ಅಷ್ಟೊಂದು ಅಪಾಯ ಇದೆಯಾ ಸರ್?

ಉತ್ತರ: ಇಲ್ಲ ಮೇಡಂ. ನಾನು ಪೇಸ್‌ಮೇಕರ್ ಚೆಕಪ್ ವಿಭಾಗದಲ್ಲಿ ಟೆಕ್ನಿಷಿಯನ್. ಅವರು ಫೋನ್ ಇಲ್ಲದೆ ವಾಕಿಂಗ್ ಹೋಗುವುದೇ ನನಗೆ ಜಾಸ್ತಿ ಚಿಂತೆ. ದಾರಿಯಲ್ಲಿ ತಲೆ ಸುತ್ತಿದರೆ 108ಕ್ಕೆ ಹೇಗೆ ಫೋನ್ ಮಾಡುತ್ತಾರೆ?

ಪೇಸ್‌ಮೇಕರ್ ಇರುವ ಜಾಗದಿಂದ ಫೋನ್ 15 ಸೆಂಟಿಮೀಟರ್ ದೂರ ಇದ್ದರೆ ಸಾಕು. ಅರ್ಧ ಅಡಿ. ಒಂದು ಗೇಣು ಬಿಟ್ಟರೆ ಧಾರಾಳವಾಯಿತು. ಎಡಗಡೆ ಪೇಸ್‌ಮೇಕರ್ ಇರುವುದರಿಂದ ಬಲಗಿವಿಗೆ ಹಿಡಿದು ಮಾತಾಡಲಿ. ಶರ್ಟಿನ ಜೇಬಿನಲ್ಲಿ ಮಾತ್ರ ಬೇಡವೇ ಬೇಡ. ಪ್ಯಾಂಟಿನ ಜೇಬು ಆಗಬಹುದು. ಪಂಚೆ ಉಡುವವರಾದರೆ ಒಂದು ಸಣ್ಣ ಕೈಚೀಲ ಕೊಡಿಸಿ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1997ರಲ್ಲಿ ಅಮೆರಿಕದ ವೈದ್ಯರು ಪೇಸ್‌ಮೇಕರ್ ಇದ್ದ 980 ಜನರ ಮೇಲೆ ಅಂದಿನ ಮೊಬೈಲ್‌ಗಳನ್ನು ಪರೀಕ್ಷಿಸಿದ್ದರು. ಫೋನನ್ನು ನೇರ ಪೇಸ್‌ಮೇಕರ್ ಮೇಲೇ ಹಿಡಿದಾಗ ಕೆಲವರಲ್ಲಿ ತೊಂದರೆ ಕಂಡಿತು. ಎಲ್ಲರ ಹಾಗೆ ಕಿವಿಗೆ ಹಿಡಿದಾಗ ಚಿಂತೆ ಪಡುವಂಥದ್ದೇನೂ ಕಾಣಲಿಲ್ಲ. ಆಮೇಲೆ ಬಂದ ಪೇಸ್‌ಮೇಕರ್‌ಗಳಲ್ಲಿ ಹೊರಗಿನ ಸಿಗ್ನಲ್ ತಡೆಯುವ ವ್ಯವಸ್ಥೆ ಇನ್ನೂ ಚೆನ್ನಾಗಿದೆ.

ಈಗ ನಾವು ನೋಡಬೇಕಾದದ್ದು ಸಿಗ್ನಲ್‌ಗಿಂತ ಅಯಸ್ಕಾಂತವನ್ನು. ಪೇಸ್‌ಮೇಕರ್ ಒಳಗೇ ಅಯಸ್ಕಾಂತ ಗುರುತಿಸುವ ಒಂದು ಸ್ವಿಚ್ ಇರುತ್ತದೆ. ಚೆಕಪ್‌ಗೆ ಬಂದವರ ಎದೆ ಮೇಲೆ ನಾವು ಉದ್ದಿನ ವಡೆ ಥರ ನಡುವೆ ತೂತಿರುವ ಅಯಸ್ಕಾಂತ ಇಡುತ್ತೇವೆ. ಇಟ್ಟ ತಕ್ಷಣ ಇಸಿಜಿ ಪರದೆ ಮೇಲೆ ಬಡಿತ ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಒಂದು ಕಂಪನಿಯದ್ದಾದರೆ ನಿಮಿಷಕ್ಕೆ 85, ಇನ್ನೊಂದರದ್ದು 100. ಬ್ಯಾಟರಿ ಕಡಿಮೆಯಾದಂತೆ ಈ ಲೆಕ್ಕವೂ ಇಳಿಯುತ್ತದೆ, ಹಾಗಾಗಿ ಬ್ಯಾಟರಿ ಎಷ್ಟಿದೆ ಅಂತಲೂ ಗೊತ್ತಾಗುತ್ತದೆ. ಅಯಸ್ಕಾಂತ ತೆಗೆದರೆ ಪೇಸ್‌ಮೇಕರ್ ಮೊದಲಿನಂತೆಯೇ. ನಿಂತುಹೋಗುವುದಿಲ್ಲ. ಆ ನೆಂಟರಿಗೂ ಇದನ್ನು ಹೇಳಿ!

ನಾವು ಬೇಕಂತಲೇ ಮಾಡುವ ಈ ಕೆಲಸವನ್ನು ಜೇಬಿನಲ್ಲಿರುವ ಫೋನ್ ಹೇಳದೆ ಕೇಳದೆ ಮಾಡಬಾರದು, ಅಷ್ಟೇ. ಮಾವನವರ ಫೋನಿಗೆ ಪುಸ್ತಕದ ಥರ ಮಡಚುವ ಫ್ಲಿಪ್ ಕವರ್ ಇದೆಯಾ ನೋಡಿ. ಟಪ್ ಅಂತ ಮುಚ್ಚಿಕೊಳ್ಳುತ್ತಲ್ಲ, ಆ ಬಟನ್ ಅಯಸ್ಕಾಂತ. ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಎಷ್ಟೋ ಜನರ ಕೈಲಿ ಇದೇ ಕವರ್. ಬದಲಾಯಿಸಿಬಿಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮಣ್ಣನಿಗೆ ಹಾಕಿರುವುದು ಐಸಿಡಿ, ಎದೆಬಡಿತ ಕೆಟ್ಟಾಗ ಶಾಕ್ ಕೊಟ್ಟು ಸರಿಮಾಡುವಂಥದ್ದು. ಅವನ ಹತ್ತಿರ ಐಫೋನ್ ಇದೆ. ಅವನಿಗೂ ಇದೇ ನಿಯಮನಾ?

ಉತ್ತರ: ದೂರ ಅಷ್ಟೇ, ಆದರೆ ಎಚ್ಚರ ಜಾಸ್ತಿ ಬೇಕು. ಐಸಿಡಿ ಮೇಲೆ ಅಯಸ್ಕಾಂತ ಬಂದರೆ, ಅದು ಅಲ್ಲಿರುವಷ್ಟು ಹೊತ್ತು ಶಾಕ್ ಕೊಡುವ ಕೆಲಸ ತಡೆಹಿಡಿಯಲ್ಪಡಬಹುದು. ಎದೆಬಡಿತ ಕೆಟ್ಟ ರೀತಿಯಲ್ಲಿ ಓಡತೊಡಗಿದ್ದು ಅದೇ ಹೊತ್ತಿಗಾದರೆ? 2020ರಲ್ಲಿ ಬಂದ ಐಫೋನ್ 12ರ ಬೆನ್ನಿಗೆ, ಚಾರ್ಜರ್ ಅಂಟಿಕೊಳ್ಳಲೆಂದು, ಮ್ಯಾಗ್‌ಸೇಫ್ ಎಂಬ ಅಯಸ್ಕಾಂತದ ಉಂಗುರ ಬಂತು. 2021ರ ಆರಂಭದಲ್ಲೇ ಅಮೆರಿಕದ ವೈದ್ಯರು ಅದನ್ನು ಐಸಿಡಿ ಮೇಲೆ ಹಿಡಿದು ನೋಡಿ, ಶಾಕ್ ವ್ಯವಸ್ಥೆ ತಡೆಹಿಡಿಯಲ್ಪಟ್ಟಿತು ಎಂದು ವರದಿ ಮಾಡಿದರು. ಆಪಲ್ ಕಂಪನಿಯೇ 15 ಸೆಂಟಿಮೀಟರ್ ದೂರ ಇಡಿ, ವೈರ್‌ಲೆಸ್ ಚಾರ್ಜಿಂಗ್ ಆಗುತ್ತಿದ್ದರೆ 30 ಸೆಂಟಿಮೀಟರ್ ಅನ್ನುತ್ತದೆ. ಎದೆ ಮೇಲೆ ಫೋನ್ ಇಟ್ಟುಕೊಂಡು ವಿಡಿಯೋ ನೋಡುತ್ತಾ ನಿದ್ದೆ ಹೋಗುವ ಅಭ್ಯಾಸ ಇದ್ದರೆ ಬಿಡಿಸಿ. ಇಯರ್‌ಬಡ್ಸ್ ಡಬ್ಬಿಯಲ್ಲೂ ಅಯಸ್ಕಾಂತ ಇರುತ್ತದೆ, ಅದೂ ಶರ್ಟ್ ಜೇಬಿಗೆ ಬೇಡ.

ಮತ್ತೊಬ್ಬರು: ಕೇಳೋಕೆ ಸಂಕೋಚ. ಅಮ್ಮ ಸಂತೆಗೆ ಹೋಗುವಾಗ ಫೋನನ್ನು ರವಿಕೆಯೊಳಗೆ ಇಟ್ಟುಕೊಳ್ಳುತ್ತಾರೆ. ಅವರಿಗೂ ಪೇಸ್‌ಮೇಕರ್ ಇದೆ.

ಉತ್ತರ: ಸಂಕೋಚ ಯಾಕೆ, ಒಳ್ಳೇ ಪ್ರಶ್ನೆ. ಶರ್ಟ್ ಜೇಬಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಇಡುವುದು ಬೇಡ. ಸೊಂಟಕ್ಕೆ ಸಿಕ್ಕಿಸುವ ಚೀಲ ಒಳ್ಳೇದು.

ಮತ್ತೊಬ್ಬರು: ಸಕ್ಕರೆ ಅಳೆಯುವ ಸೆನ್ಸರ್ ತೋಳಿಗೆ ಅಂಟಿಸಿಕೊಂಡಿದ್ದೇನೆ. ಫೋನ್ ಹತ್ತಿರ ತರಬಹುದಾ?

ಉತ್ತರ: ನಿಮಗೆ ಇದೆಲ್ಲ ಉಲ್ಟಾ. ಫೋನ್ ಹತ್ತಿರವೇ ಇರಬೇಕು, ಯಾಕಂದರೆ ಸೆನ್ಸರ್ ಅಳೆದದ್ದು ಬರುವುದೇ ಅದಕ್ಕೆ. ನಿಮ್ಮಲ್ಲಿ ಅಪಾಯ ಇರುವುದು ಸೆಟ್ಟಿಂಗ್ಸ್‌ನಲ್ಲಿ. ರಾತ್ರಿ 'ಡು ನಾಟ್ ಡಿಸ್ಟರ್ಬ್' ಹಾಕಿ ಮಲಗಿದರೆ, ಸಕ್ಕರೆ ಕುಸಿದಾಗ ಬರಬೇಕಾದ ಅಲಾರಂ ಕೇಳಿಸದೇ ಹೋಗಬಹುದು. ಫೋನ್ ಅಪ್‌ಡೇಟ್ ಆದ ಮೇಲೂ, ಹೊಸ ಬ್ಲೂಟೂತ್ ಇಯರ್‌ಫೋನ್ ಜೋಡಿಸಿದ ಮೇಲೂ ಅಲಾರಂ ಫೋನಿನ ಸ್ಪೀಕರ್‌ನಲ್ಲಿ ಬರುತ್ತಿದೆಯಾ ಅಂತ ನೋಡಿಕೊಳ್ಳಿ. ಫೋನಿನ ಬ್ಯಾಟರಿ ಉಳಿಸುವ ಪಟ್ಟಿಯಿಂದ ಸೆನ್ಸರ್‌ನ ಆ್ಯಪನ್ನು ಹೊರಗಿಡಿ.

ಮೊದಲು ಕೇಳಿದವರು: ಕವರ್ ನೋಡಿದೆ ಸರ್, ಮಡಚುವಂಥದ್ದೇ! ಇವತ್ತೇ ತೆಗೆಯುತ್ತೇನೆ. ಇಂಡಕ್ಷನ್ ಒಲೆ?

ಉತ್ತರ: ಬಳಸಬಹುದು, ಎದೆ ಮತ್ತು ಒಲೆಯ ನಡುವೆ ಎರಡು ಅಡಿ ಇರಲಿ. ಒಗ್ಗರಣೆ ಹಾಕುವಾಗ ಬಗ್ಗಬಾರದು. ಮತ್ತೆ, ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡಿನ ಫೋಟೋ ತೆಗೆದು ಅವರ ಫೋನಿನಲ್ಲೇ ಇಟ್ಟುಬಿಡಿ.