ಕೆಲಸ ಹೋದ ಮೇಲೆ ತೋಟ ಕೊಳ್ಳಬಹುದಾ? ಜಮೀನು ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಾಸನದಲ್ಲಿ 22 ವರ್ಷದಿಂದ ಜಮೀನು ಕೇಸು ನಡೆಸುತ್ತಿರುವ ವಕೀಲರು ನಮ್ಮ ಗುಂಪಿನಲ್ಲೇ ಇದ್ದಾರೆ. ಬೆಂಗಳೂರಲ್ಲಿ ಕೆಲಸ ಹೋಗಿ ಊರಿಗೆ ಬಂದವರು, ಶುಂಠಿ ರೇಟು ಬಿದ್ದು ಜಮೀನು ಮಾರಲು ಹೊರಟವರು, ಈಗ ಕಡಿಮೆಗೆ ಸಿಗುತ್ತೆ ಅಂತ ಕೊಳ್ಳಲು ಹೊರಟವರು, ಎಲ್ಲರೂ ಕೇಳುತ್ತಿದ್ದೀರಿ. ಇವತ್ತು ಸಂಜೆ ಅವರು ಉತ್ತರಿಸುತ್ತಾರೆ. ಸರ್ವೆ ನಂಬರ್, ಫೋನ್ ನಂಬರ್ ಇಲ್ಲಿ ಹಾಕಬೇಡಿ.

ವಿದ್ಯಾನಗರ, ಹಾಸನ: ಮೇಡಂ, 55 ಲಕ್ಷಕ್ಕೆ ಒಂದು ಮನೆ ಇದೆ. ಬಾಡಿಗೆ 13,000 ಬರುತ್ತೆ. 40 ಲಕ್ಷ ಸಾಲ ತೆಗೆದು ಕೊಂಡರೆ ಬಾಡಿಗೆಯಲ್ಲೇ ಕಂತು ಕಟ್ಟಬಹುದಾ?

ವಕೀಲರು: ಆಗಲ್ಲ. ವರ್ಷಕ್ಕೆ ಬಾಡಿಗೆ 1,56,000. 40 ಲಕ್ಷಕ್ಕೆ ಶೇ 8.5ರ ಬಡ್ಡಿ ಅಂದರೂ ಮೊದಲ ವರ್ಷ ಬಡ್ಡಿಯೇ 3,40,000 ಹತ್ತಿರ. ಉಳಿದದ್ದು ನಿಮ್ಮ ಸಂಬಳದಿಂದ ಹೋಗಬೇಕು. ಬಡ್ಡಿ ಇಷ್ಟೇ ಇರುತ್ತೆ ಅಂತಲೂ ನಂಬಬೇಡಿ. 2020ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4 ಇತ್ತು. 2023ರ ಫೆಬ್ರವರಿಗೆ ಶೇ 6.5 ಆಯಿತು. ದರ ಕಡಿಮೆ ಇದ್ದಾಗ ಸಾಲ ಮಾಡಿದವರ ಕಂತಿನ ಅವಧಿ ವರ್ಷಗಟ್ಟಲೆ ಎಳೆಯಿತು. ನೋಂದಣಿ ಖರ್ಚನ್ನೂ ಸೇರಿಸಿಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ 2 ಆಗಿದೆ. ಮುದ್ರಾಂಕ ಶುಲ್ಕ ಬೇರೆ.

ಬೇಲೂರು ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ: “ನೋಂದಣಿ ಖರ್ಚು ಉಳಿಸಿ. 100 ರೂಪಾಯಿ ಛಾಪಾ ಕಾಗದದಲ್ಲಿ ಕರಾರು ಬರೆಸಿ, ಜೊತೆಗೆ ಜಿಪಿಎ ತೆಗೆದುಕೊಳ್ಳಿ. ಜಮೀನು ನಿಮ್ಮದೇ.”

ವಕೀಲರು: ಇದನ್ನು ದಯವಿಟ್ಟು ಅಳಿಸಿ. ಜಿಪಿಎ ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಅಷ್ಟೇ. ಅದರ ಮೇಲೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಿಪಿಎ ಕೊಟ್ಟವರು ತೀರಿಕೊಂಡರೆ ಅದಕ್ಕೆ ಸಾಮಾನ್ಯವಾಗಿ ಬೆಲೆಯೇ ಇರಲ್ಲ. ಆಮೇಲೆ ಮಕ್ಕಳು ಬಂದು ಜಮೀನು ನಮ್ಮದು ಅನ್ನುತ್ತಾರೆ.

ಸಕಲೇಶಪುರಕ್ಕೆ ವಾಪಸ್: ನನಗೆ 44 ವರ್ಷ. ಮಾರ್ಚ್‌ನಲ್ಲಿ ಕಂಪನಿ ಕೆಲಸದಿಂದ ತೆಗೆಯಿತು. ಕೈಯಲ್ಲಿ 26 ಲಕ್ಷ ಇದೆ. ಸಕಲೇಶಪುರದ ಹತ್ತಿರ 4 ಎಕರೆ ಪಟ್ಟೆ (ಅವರ ಹೆಸರಲ್ಲೇ ಇರುವ ಜಮೀನು), ಜೊತೆಗೆ 3 ಎಕರೆ ಒತ್ತುವರಿ, ಅರ್ಧ ಕಟ್ಟಿದ ಹೋಂಸ್ಟೇ, ಎಲ್ಲ ಸೇರಿ 64 ಲಕ್ಷ. ಅವರಿಗೆ ಅರ್ಜೆಂಟ್ ಹಣ ಬೇಕಂತೆ. ಶುಕ್ರವಾರದೊಳಗೆ 8 ಲಕ್ಷ ನಗದು ಮುಂಗಡ ಕೊಟ್ಟರೆ 4 ಲಕ್ಷ ಇಳಿಸುತ್ತಾರಂತೆ. ಉಳಿದದ್ದಕ್ಕೆ ಹೆಂಡತಿಯ ಸಂಬಳದ ಮೇಲೆ ಸಾಲ. ಮಾರುವವರ ತಂಗಿ ಮದುವೆಯಾಗಿ ಮಂಗಳೂರಲ್ಲಿ ಇದ್ದಾರೆ, ಅವರ ಸಹಿ ಬೇಡ ಅಂತ ಬ್ರೋಕರ್ ಹೇಳಿದರು. ಪಹಣಿ ಫೋಟೋ ನಿಮಗೆ ಪ್ರತ್ಯೇಕ ಕಳಿಸಿದ್ದೇನೆ.

ವಕೀಲರು: ಶುಕ್ರವಾರ ಹಣ ಕೊಡಬೇಡಿ. ಉಳಿದದ್ದು ಆಮೇಲೆ ಓದಿ, ಮೊದಲು ಇದನ್ನು ಒಪ್ಪಿಕೊಳ್ಳಿ.

ನೀವು ಕಳಿಸಿದ ಪಹಣಿಯ 11ನೇ ಕಾಲಂ ದೊಡ್ಡದು ಮಾಡಿ ನೋಡಿ. ಫೋಟೋದಲ್ಲಿ ಬೆರಳು ಅಡ್ಡ ಬಂದಿದೆ, ಆದರೂ ಬ್ಯಾಂಕಿನ ಸಾಲ ಅನ್ನುವ ಅಕ್ಷರ ಕಾಣುತ್ತಿದೆ. ಮೊತ್ತ ಮುಚ್ಚಿಹೋಗಿದೆ. ಆ ಕಾಲಂ ಮುಚ್ಚಿ ಫೋಟೋ ಕೊಟ್ಟವರು ಯಾರು? ಇದನ್ನು ಕೇಳಿ.

ಒತ್ತುವರಿ 3 ಎಕರೆಯನ್ನು ಅವರು ಮಾರಲು ಆಗಲ್ಲ. ಅದು ಸರ್ಕಾರದ್ದು. ತೋಟ ಮಾಡಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ 2022ರಲ್ಲಿ ಕಂದಾಯ ಕಾಯ್ದೆಗೆ ತಿದ್ದುಪಡಿ ಆಯಿತು. ಗುತ್ತಿಗೆ ಸಿಕ್ಕರೂ ಭೂಮಿ ಸರ್ಕಾರದ್ದೇ. ಕ್ರಯಪತ್ರದಲ್ಲಿ 4 ಎಕರೆ ಮಾತ್ರ ಬರುತ್ತೆ, ಹಣ ಮಾತ್ರ ನೀವು 7 ಎಕರೆಗೆ ಎಣಿಸುತ್ತೀರಿ. ಆ ಜಾಗ ಅರಣ್ಯ ಇಲಾಖೆಯ ಸೆಕ್ಷನ್ 4 ಅಧಿಸೂಚನೆಯಲ್ಲಿ (ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಮೊದಲ ಪ್ರಕಟಣೆ) ಇದೆಯಾ ಅಂತಲೂ ನೋಡಬೇಕು. ಮಲೆನಾಡಿನಲ್ಲಿ ಇದನ್ನು ನೋಡದೆ ತೋಟ ಕೊಳ್ಳಲೇಬಾರದು.

ತಂಗಿ ಸಹಿ ಬೇಕು. ಮದುವೆಯಾಗಿದ್ದಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೂ ಮಗಳಿಗೆ ಪಾಲು ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಹಾಗಾಗಿ ವಂಶವೃಕ್ಷ ತೆಗೆಸಿ, ಅದರಲ್ಲಿ ಇರುವ ಎಲ್ಲರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ. ಈ ಒಂದು ಸಹಿ ಬಿಟ್ಟಿದ್ದಕ್ಕೆ 11 ವರ್ಷ ಕೋರ್ಟಿಗೆ ಅಲೆದವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ. ತೋಟದ ಮೇಲೆ ತಡೆಯಾಜ್ಞೆ, ಕಾಫಿ ಕೊಯ್ಯಲೂ ಕೋರ್ಟನ್ನು ಕೇಳಬೇಕು.

ನಗದು ವಿಷಯ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕೆ ಜಾಸ್ತಿ ಮುಂಗಡ ನಗದಾಗಿ ತೆಗೆದುಕೊಳ್ಳುವಂತಿಲ್ಲ. ದಂಡ ಬೀಳುವುದು ಪಡೆದವರಿಗೆ, ಆದರೆ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲದೆ ನಿಲ್ಲುವವರು ನೀವು.

ಇನ್ನು ಆದಾಯ. 2024ರಲ್ಲಿ ಕಾಫಿ ಬೆಲೆ ಏರಿದ ಮೇಲೆ ಯಾರೂ ಸುಮ್ನೆ ತೋಟ ಕಡಿಮೆಗೆ ಕೊಡಲ್ಲ ಅಲ್ವಾ? ಕೊಡುತ್ತಿದ್ದಾರೆ ಅಂದರೆ ಕಾರಣ ಹುಡುಕಬೇಕು. ಕಾಫಿ ಹಣ ವರ್ಷಕ್ಕೆ ಒಂದು ಸಲ ಬರುತ್ತೆ, ಅದೂ ಹೂಮಳೆ (ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ) ಸರಿಯಾದ ಹೊತ್ತಿಗೆ ಬಿದ್ದರೆ. ಆಳಿನ ಕೂಲಿ ವಾರ ವಾರ ಕೊಡಬೇಕು. ಹೋಂಸ್ಟೇ ಶನಿವಾರ, ಭಾನುವಾರ ತುಂಬುತ್ತೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ರಸ್ತೆಯಲ್ಲಿ ಮಣ್ಣು ಕುಸಿದರೆ ಅದೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿದ ಹೋಂಸ್ಟೇಗಳನ್ನು ನಾವೆಲ್ಲ ನೋಡಿದ್ದೇವೆ. ಕೆಲಸ ಇಲ್ಲದವರು ಇರುವ 26 ಲಕ್ಷವನ್ನೂ ಮಣ್ಣಿಗೆ ಹಾಕಿದರೆ ಮಕ್ಕಳ ಫೀಸ್ ಯಾವುದರಿಂದ ಕಟ್ಟುತ್ತೀರಿ? ಎರಡು ವರ್ಷದ ಮನೆಖರ್ಚು ಬೇರೆ ಇಟ್ಟು, ಉಳಿದದ್ದರಲ್ಲಿ ಏನು ಬರುತ್ತೆ ನೋಡಿ. ತೋಟ ಬೇಕೇಬೇಕು ಅಂದರೆ ಮೊದಲು ಒಂದು ವರ್ಷ ತೋಟದ ಕೆಲಸ ಮಾಡಿ ನೋಡಿ.

ಅರಸೀಕೆರೆ: ಕೃಷಿಕರಲ್ಲದವರು ಜಮೀನು ಕೊಳ್ಳಬಹುದಾ?

ವಕೀಲರು: ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೊಳ್ಳಬಹುದು.

ಕಾಫಿ ಬೆಳೆಗಾರ, ಮೂಡಿಗೆರೆ: ಆ ತಿದ್ದುಪಡಿಯಿಂದಲೇ ನಮ್ಮ ಊರಿನ ಹುಡುಗರಿಗೆ ಒಂದು ಎಕರೆ ಕೊಳ್ಳಲು ಆಗದ ಹಾಗೆ ರೇಟು ಏರಿದ್ದು. ಬೆಂಗಳೂರಿನವರು ಬಂದು ಗೇಟು ಹಾಕಿ ಹೋಗುತ್ತಾರೆ.

ಆಲೂರು: ಕೃಷಿಕರಲ್ಲದವರು ಕೊಳ್ಳಬಾರದು ಅನ್ನುವ ನಿರ್ಬಂಧ ಕಾಫಿ ತೋಟಕ್ಕೆ ಮೊದಲೂ ಇರಲಿಲ್ಲ ಸರ್. ನಾವು ಶುಂಠಿ ಹಾಕಿ ಸಾಲ ಆದಾಗ ಊರಿನವರು ಒಬ್ಬರೂ ಸರಿಯಾದ ರೇಟು ಕೇಳಲಿಲ್ಲ. ಹೊರಗಿನವರು ಕೊಟ್ಟಿದ್ದರಿಂದ ಅಪ್ಪನ ಆಪರೇಶನ್ ಆಯಿತು.

ಚಿಕ್ಕಮಗಳೂರು ಕೋಟೆ: ಬ್ಯಾಂಕ್ ಹರಾಜಿನಲ್ಲಿ ಮನೆ ಅರ್ಧ ಬೆಲೆಗೆ ಬರುತ್ತಂತೆ. ತೆಗೆದುಕೊಳ್ಳಬಹುದಾ?

ವಕೀಲರು: “ಇದ್ದಲ್ಲಿ ಇದ್ದಂತೆ” ಅಂತ ಬರೆದೇ ಮಾರುತ್ತಾರೆ. ಒಳಗೆ ಬಾಡಿಗೆದಾರರು ಇದ್ದರೆ, ತೆರಿಗೆ ಬಾಕಿ ಇದ್ದರೆ ಅದು ನಿಮ್ಮ ತಲೆಗೆ. ಗೆದ್ದ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ 25 ಕಟ್ಟಬೇಕು. ಮಾರಾಟ ಖಾಯಂ ಆದ 15 ದಿನದಲ್ಲಿ ಉಳಿದ ಶೇ 75. ಗಡುವು ವಿಸ್ತರಿಸಿಕೊಳ್ಳದೆ ತಪ್ಪಿದರೆ ಕಟ್ಟಿದ್ದು ಹೋಯಿತು. ಸಾಲ ಮಂಜೂರು ಆಗುವ ಮೊದಲು ಹರಾಜು ಕೂಗಬೇಡಿ.

ಕಾಫಿ ಬೆಳೆಗಾರ, ಮೂಡಿಗೆರೆ: ಹರಾಜಿಗೆ ಬರುವ ತೋಟಗಳು ಯಾರದ್ದು ಗೊತ್ತಾ? ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಹರಾಜು ಹಾಕುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ. ಕಾಫಿ ವಾಣಿಜ್ಯ ಬೆಳೆ ಅಂತ ಹೇಳಿ ನಮ್ಮ ತೋಟಕ್ಕೆ ನೋಟಿಸ್ ಅಂಟಿಸುತ್ತಾರೆ. ಅದನ್ನು ಕಡಿಮೆಗೆ ಸಿಕ್ಕಿತು ಅಂತ ಕೊಳ್ಳುವವರಿಗೆ ಮನಸ್ಸು ಹೇಗೆ ಬರುತ್ತೆ?

ಚಿಕ್ಕಮಗಳೂರು ಕೋಟೆ: ನಾನು ಕೇಳಿದ್ದು ಮನೆ. ತೋಟ ಅಲ್ಲ. ಸಾಲ ತೆಗೆದವರು ಕಟ್ಟಬೇಕು ತಾನೇ?

ಕಾಫಿ ಬೆಳೆಗಾರ, ಮೂಡಿಗೆರೆ: ಮೂರು ವರ್ಷ ಅತಿವೃಷ್ಟಿಗೆ ಕಾಯಿ ಉದುರಿದಾಗ ನೀವು ಬಂದು ನೋಡಿದ್ದೀರಾ? ಸಾಲದ ಮಾತು ನನಗೆ ಹೇಳಬೇಡಿ.

ಆಲೂರು: ಇಬ್ಬರೂ ನಿಲ್ಲಿಸಿ. ನನ್ನದೊಂದು ಪ್ರಶ್ನೆ: ಆನೆ ಓಡಾಡುವ ದಾರಿಯಲ್ಲಿರುವ ತೋಟಕ್ಕೆ ಬ್ಯಾಂಕು ಸಾಲ ಕೊಡುತ್ತಾ?

ಹೊಳೆನರಸೀಪುರ: ಅಣ್ಣ ಅಮೆರಿಕದಲ್ಲಿ ಇದ್ದಾನೆ. ಅವನ ಹೆಸರಲ್ಲಿ ತೋಟ ಕೊಳ್ಳಬಹುದಾ?

ವಕೀಲರು: ಇಲ್ಲ. ಅನಿವಾಸಿಗಳು ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ಬೇಲೂರು ಸದಸ್ಯ: ಇನ್ನೊಂದು ಫಾರ್ವರ್ಡ್: “12 ವರ್ಷ ಬಾಡಿಗೆಗೆ ಇದ್ದರೆ ಮನೆ ಬಾಡಿಗೆದಾರನದ್ದೇ, ಹೊಸ ತೀರ್ಪು.” ಇದು ನಿಜಾನಾ? ಹಾಗಾದರೆ ಬಾಡಿಗೆಗೆ ಕೊಡುವುದೇ ಅಪಾಯ.

ವಕೀಲರು: ಸುಳ್ಳು. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವರಿಗೆ ಬಾಡಿಗೆ ಕಟ್ಟುತ್ತಾ ಇದ್ದುದರಿಂದ ಹಕ್ಕು ಬರಲ್ಲ. ಈ ಮೆಸೇಜ್ ನಂಬಿ ಒಬ್ಬ ಅಜ್ಜಿ ಬಾಡಿಗೆದಾರರನ್ನು ಬಿಡಿಸಿ, ಎಂಟು ತಿಂಗಳು ಖಾಲಿ ಮನೆ ಇಟ್ಟುಕೊಂಡು ಔಷಧಿಗೆ ಸಾಲ ಮಾಡಿದರು. ಅವರಿಗೆ ಇದ್ದ ಆದಾಯ ಅದೊಂದೇ. ನಿಮಗೆ ಎರಡನೇ ಸಲ ಹೇಳುತ್ತಿದ್ದೇನೆ, ಓದದೆ ಇಂಥದ್ದು ಹಾಕಬೇಡಿ.

ಬೇಲೂರು ಸದಸ್ಯ: ತಿಳಿದುಕೊಳ್ಳಲು ಕೇಳಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಹಾಸನ, ಸಾಲಗಾಮೆ ರಸ್ತೆ: ರೆವಿನ್ಯೂ ಸೈಟು (ಕೃಷಿ ಜಮೀನಿನಲ್ಲೇ ಮಾಡಿದ ಸೈಟು) 6 ಲಕ್ಷಕ್ಕೆ. ಜಿಪಿಎ ಮಾಡಿಕೊಡುತ್ತಾರಂತೆ.

ವಕೀಲರು: ಮೇಲೆ ಹೇಳಿದ್ದೇನೆ. ಬೇಡ. ಭೂಪರಿವರ್ತನೆ ಇಲ್ಲ, ಬಡಾವಣೆಗೆ ಅನುಮೋದನೆ ಇಲ್ಲ ಅಂದರೆ ಇ-ಖಾತೆಗೆ ಅಲೆಯುತ್ತೀರಿ.

ಅರಸೀಕೆರೆ: ಕೃಷಿಕರಲ್ಲದವರು ಕೊಳ್ಳಬಹುದು ಅಂದಿರಿ. ಗ್ರಾಂಟ್ ಜಮೀನೂ ಕೊಳ್ಳಬಹುದಾ?

ವಕೀಲರು: ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಆದರೆ ಸರ್ಕಾರದ ಅನುಮತಿ ಇಲ್ಲದೆ ಮುಟ್ಟಬೇಡಿ. ಅಂಥ ಜಮೀನಿನ ಮಾರಾಟ ತಡೆಯಲೆಂದೇ 1978ರ ಪಿಟಿಸಿಎಲ್ ಕಾಯ್ದೆ ಇದೆ. ತುಂಬಾ ವರ್ಷ ಆಯಿತು, ಇನ್ನು ಯಾರೂ ಕೇಳಲ್ಲ ಅನ್ನುವ ಮಾತನ್ನು 2023ರ ತಿದ್ದುಪಡಿಯ ನಂತರ ನಂಬಿಕೊಳ್ಳಬೇಡಿ. ಅದು ಅವರಿಗೆ ಸಿಗಬೇಕಾದ ಭೂಮಿ, ಕಾನೂನು ಇರುವುದೂ ಅದಕ್ಕೇ.

ಆಲೂರು: ಮೇಡಂ, ಆನೆ ಪ್ರಶ್ನೆ?

ವಿದ್ಯಾನಗರ, ಹಾಸನ: ಬಾಡಿಗೆ ಬದಲು 10 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರೆ ಸಾಲ ಕಡಿಮೆ ಆಗುತ್ತಲ್ವಾ?

ವಕೀಲರು: ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಅವರ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡಬೇಡಿ. ನೀವು ಕಂತು ತಪ್ಪಿದರೆ ಬೀದಿಗೆ ಬರುವುದು ಆ 10 ಲಕ್ಷ ಕೊಟ್ಟ ಕುಟುಂಬ.

ಸಕಲೇಶಪುರಕ್ಕೆ ವಾಪಸ್: ಮೇಡಂ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಋಣಭಾರ ಪತ್ರ ತೆಗೆದೆ. 2019ರಲ್ಲಿ 31 ಲಕ್ಷಕ್ಕೆ ಅಡಮಾನ ಇದೆ. ತೀರಿದ್ದು ಎಲ್ಲೂ ಇಲ್ಲ. ಬ್ರೋಕರ್‌ಗೆ ಕೇಳಿದರೆ, ನಿಮ್ಮ ಮುಂಗಡದಲ್ಲೇ ತೀರಿಸುತ್ತಾರೆ, ಶುಕ್ರವಾರ ಬಿಟ್ಟರೆ ಬೇರೆಯವರು ಇದ್ದಾರೆ ಅಂದರು.

ವಕೀಲರು: 8 ಲಕ್ಷದಲ್ಲಿ 31 ಲಕ್ಷ ತೀರಲ್ಲ. ಬೇರೆಯವರಿಗೆ ಹೋದರೆ ಹೋಗಲಿ. ಕೊಳ್ಳುವುದೇ ಆದರೆ ಬ್ಯಾಂಕಿಗೆ ನೇರ ಡಿಡಿ, ಬಾಕಿ ಇಲ್ಲ ಅನ್ನುವ ಅವರ ಪತ್ರ ಕೈಗೆ, ತಂಗಿಯ ಸಹಿ, 11ಇ ನಕ್ಷೆ (ಮಾರುವ ಜಮೀನಿನ ಸರ್ವೆ ನಕ್ಷೆ). ಆಮೇಲೆ ಮಾತು. ಋಣಭಾರ ಪತ್ರದ ಪ್ರತಿ ತೆಗೆದುಕೊಂಡು ನಾಳೆ ಬೆಳಿಗ್ಗೆ ಬನ್ನಿ, ನಿಮ್ಮ ಹೆಂಡತಿಯವರನ್ನೂ ಕರೆದುಕೊಂಡು ಬನ್ನಿ. ಸಾಲ ಅವರ ಹೆಸರಲ್ಲಿ ಅಲ್ವಾ.

ಸಕಲೇಶಪುರಕ್ಕೆ ವಾಪಸ್: ಅವಳಿಗೆ ಇನ್ನೂ ಪೂರ್ತಿ ಹೇಳಿಲ್ಲ. ಇವತ್ತು ಹೇಳುತ್ತೇನೆ.