ಮಿನ್ನೆಸೋಟ: ಕೆರೆದಂಡೆಯ ಗಿಡ ತೆಗೆಯಲು ಪರ್ಮಿಟ್ ಯಾವಾಗ ಬೇಕು?

ಪ್ರಶ್ನೆ
ಅಮೆರಿಕದ ಮಿನ್ನೆಸೋಟ ರಾಜ್ಯದ ಕೆರೆಯೊಂದರ ಮೇಲೆ 80 ಅಡಿ ದಂಡೆ ಇರುವ ಜಾಗ. ಅಂಚಿನಲ್ಲಿ ಆಪಿನ (ಜೊಂಡಿನ) ಹಿಂಡು, ಅದರಾಚೆ ನೈದಿಲೆ, ನೀರೊಳಗೆ ಪೂರ್ತಿ ಮಿಲ್‌ಫಾಯಿಲ್ ಅನ್ನೋ ಕಳೆ. ಈಜಲು ಸ್ವಲ್ಪ ಜಾಗ, ದೋಣಿಗೆ ದಾರಿ, ಇಷ್ಟು ಸಾಕು. ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಪರ್ಮಿಟ್ ಇಲ್ಲದೆ ಎಷ್ಟು ತೆಗೆಯಬಹುದು? ಕಳೆನಾಶಕ ಹಾಕಬಹುದೇ?

ಉತ್ತರ 1
ಯಾವ ಗಿಡ ಅನ್ನೋದರ ಮೇಲೆ ನಿಯಮ ಬದಲಾಗುತ್ತೆ. ನೀರೊಳಗೇ ಬೆಳೆಯುವ ಮಿಲ್‌ಫಾಯಿಲ್‌ನಂಥದ್ದಕ್ಕೆ ಪರ್ಮಿಟ್ ಇಲ್ಲದ ಮಿತಿ 2,500 ಚದರ ಅಡಿ. ದಡದುದ್ದಕ್ಕೆ 50 ಅಡಿ ಅಥವಾ ನಿಮ್ಮ ದಂಡೆಯ ಅರ್ಧ, ಯಾವುದು ಕಡಿಮೆಯೋ ಅದು. ನಿಮಗೆ 40 ಅಡಿ, ಅಂದರೆ ಒಳಕ್ಕೆ ಸುಮಾರು 62 ಅಡಿ. ತೇಲುವ ಎಲೆಯ ನೈದಿಲೆಯಲ್ಲಿ ತೆರೆದ ನೀರಿನವರೆಗೆ 15 ಅಡಿ ಅಗಲದ ಒಂದು ದಾರಿ, ಪ್ರತಿವರ್ಷ ಅದೇ ಜಾಗದಲ್ಲಿ. ಆಪು, ಕಾಡುಭತ್ತದಂತೆ ನೀರಿನ ಮೇಲೆ ಎದ್ದು ನಿಲ್ಲುವುದನ್ನು ಪರ್ಮಿಟ್ ಇಲ್ಲದೆ ಮುಟ್ಟಬೇಡಿ. ಕೆರೆಯ ನೀರಿಗೆ ಹಾಕುವ ಯಾವ ಕಳೆನಾಶಕಕ್ಕೂ, ಪಾಚಿಗೆ ಹಾಕುವ ಮೈಲುತುತ್ತಕ್ಕೂ ಪರ್ಮಿಟ್ ಬೇಕೇ ಬೇಕು. ತಾನಾಗೇ ಓಡಾಡಿ ಕಳೆ ಕೀಳುವ ರೋಲರ್ ಯಂತ್ರಕ್ಕೂ ಅದೇ.

ಉತ್ತರ 2
ಅಳತೆಗಿಂತ ಹೆಚ್ಚು ಜನ ಎಡವುವುದು ಕೀಳುವ ರೀತಿಯಲ್ಲಿ. ಮಿಲ್‌ಫಾಯಿಲ್ ಕಾಂಡದ ತುಂಡು ತೇಲಿಹೋಗಿ ಇನ್ನೆಲ್ಲೋ ಬೇರು ಬಿಡುತ್ತೆ. ಹಾಗಾಗಿ ಕುಂಟೆಯಿಂದ ಸುಮ್ಮನೆ ಕತ್ತರಿಸುತ್ತಾ ಹೋದರೆ ಮುಂದಿನ ಬೇಸಿಗೆಗೆ ಕಳೆ ದುಪ್ಪಟ್ಟು. ಗಾಳಿಯಿಲ್ಲದ ದಿನ ಬುಡದಿಂದ ಮೆಲ್ಲಗೆ ಕಿತ್ತು, ತೇಲುವ ತುಂಡುಗಳನ್ನು ಬಲೆಯಲ್ಲಿ ಬಳಿದುಕೊಳ್ಳಿ. ಕಿತ್ತಿದ್ದನ್ನು ದಡದ ಮೇಲಕ್ಕೆ ಸಾಗಿಸುವುದು ಕಾನೂನೂ ಹೌದು. ನೀರಂಚಿನಲ್ಲೇ ಗುಡ್ಡೆ ಹಾಕಿದರೆ ಕೊಳೆತು ರಂಜಕ ಮತ್ತೆ ಕೆರೆಗೇ ಇಳಿಯುತ್ತೆ. ತಳದ ಮಣ್ಣು ಬಗೆಯುವ ನೀರಿನ ಜೆಟ್, ಹೀರುಯಂತ್ರ, ಬುಲ್ಡೋಜರ್ ಇದಕ್ಕೆ ನಿಷಿದ್ಧ.

ಆಪಿಗೆ ಪರ್ಮಿಟ್ ಸಿಕ್ಕರೆ ಬೇರು ಅಗೆಯುವ ಗೋಜು ಬೇಡ. ಒಣಗಿದ ದಂಟಿನ ಮೂಲಕವೂ ಗೆಡ್ಡೆ ಉಸಿರಾಡುತ್ತೆ. ಹಸಿ, ಒಣ ಎರಡನ್ನೂ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ, ಕೊಯ್ದ ತುದಿ ಮುಳುಗಿಯೇ ಇದ್ದರೆ ಸಾಯುತ್ತೆ.

ಪ್ರಶ್ನೆ ಕೇಳಿದವರು
ದಡದ ಮೇಲಿನ ಪೊದೆ, ಮರಗಳ ಕಥೆ?

ಉತ್ತರ 3
ಅದು ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತದ) ಭೂಬಳಕೆ ವಲಯ ನಿಯಮಕ್ಕೆ ಬರುತ್ತೆ. ಮನೆ ನೀರಿನಿಂದ ಇರಬೇಕಾದ ಅಂತರದ ಅರ್ಧಭಾಗವನ್ನು ದಡದ ಸೂಕ್ಷ್ಮ ಪಟ್ಟಿ ಅಂತ ಲೆಕ್ಕ. ಅಂತರ 100 ಅಡಿಯಾದರೆ ಪಟ್ಟಿ 50 ಅಡಿ. ಅದನ್ನು ಈಗಿನ ನೀರಿನಂಚಿನಿಂದಲ್ಲ, ಸಾಮಾನ್ಯ ಗರಿಷ್ಠ ನೀರಿನ ಮಟ್ಟದಿಂದ (ನೀರು ಬಹಳ ಕಾಲ ನಿಂತು ದಡದಲ್ಲಿ ಗುರುತು ಬಿಟ್ಟ ಎತ್ತರದಿಂದ) ಅಳೆಯಬೇಕು. ಅಲ್ಲಿ ಪೂರ್ತಿ ಬೋಳಿಸುವಂತಿಲ್ಲ. ಕೆರೆ ಕಾಣಲು, ಮೆಟ್ಟಿಲು ಇಳಿಸಲು ಒಂದಷ್ಟು ಸವರುವುದಕ್ಕೆ ಅವಕಾಶವಿದೆ. ಎಷ್ಟು ಅನ್ನೋದನ್ನು ಕೌಂಟಿ ಕಚೇರಿಯಿಂದ ಬರಹದಲ್ಲೇ ಪಡೆದು ಆಮೇಲೆ ಗರಗಸ ಹಿಡಿಯಿರಿ.